ಲೂಯಿಸ್ ಫ್ರೈ ರಿಚರ್ಡ್‌ಸನ್: ವಿಷಗಾಳಿಯ ಗಣಿತ ಮತ್ತು ವಿಜ್ಞಾನಿಯ ವಿವೇಕ

ಥಾಣೆಯನ್ನು ಬಿಟ್ಟ ಲೋಕಲ್ ರೈಲು ಮುಂಬ್ರಾದ ಗುಡ್ಡವನ್ನು ದಾಟಿ ಡೊಂಬಿವಲಿಯನ್ನೂ ಅನಂತರ ಕಲ್ಯಾಣವನ್ನೂ ಸೇರುತ್ತದೆ. ಅದೇ ಥಾಣೆಯಿಂದ ದಕ್ಷಿಣಕ್ಕೆ ಹೊರಡುವ ಬೇಲಾಪುರ ರಸ್ತೆ ನವಿಮುಂಬಯಿಯ ರಬಾಳೆ, ಮಹಾಪೆ, ತುರ್ಭೆಗಳ ಕಡೆಗೆ ಹೋಗುತ್ತದೆ. ಈ ಎರಡು ದಾರಿಗಳ ಆಸುಪಾಸಿನಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿದ ಅವಧಿಯಲ್ಲಿ ರಾಸಾಯನಿಕ, ಬಣ್ಣ ಹಾಗೂ ಔಷಧಗಳ ಕಾರ್ಖಾನೆಗಳು ನೆಲೆಗೊಂಡಿವೆ. ಅವುಗಳ ಬೆನ್ನಿಗೇ ವಸತಿಗಳೂ ಬೆಳೆದಿವೆ. ಮುಂಬಯಿಯ ಇಕ್ಕಟ್ಟಿನಿಂದ ಹೊರಬಂದು ಸ್ವಂತ ಮನೆಯ ಆಸೆಯನ್ನು ಪೂರೈಸಿಕೊಂಡ ಕನ್ನಡಿಗ ಕುಟುಂಬಗಳೂ ಈ ಊರುಗಳಲ್ಲಿ ಗಣನೀಯ ಸಂಖ್ಯೆಯಲ್ಲಿವೆ. ಇಲ್ಲಿ ಕಾರ್ಖಾನೆಯ ಗೋಡೆಗೂ ಮನೆಯ ಕಿಟಕಿಗೂ ನಡುವಣ ಅಂತರ ಹಲವೆಡೆ ಒಂದು ಬೀದಿಯಷ್ಟೇ. 2016ರ ಮೇ 26ರಂದು ಡೊಂಬಿವಲಿಯ ಕೈಗಾರಿಕಾ ವಸಾಹತಿನಲ್ಲಿ ನಡೆದ ಸ್ಫೋಟ ಈ ಅಂತರದ ಅಲ್ಪತೆಯನ್ನು ತೋರಿಸಿಕೊಟ್ಟಿತು. ಎಂಟು ವರ್ಷಗಳ ಅನಂತರ, 2024ರ ಮೇ 23ರಂದು, ಅದೇ ವಸಾಹತಿನಲ್ಲಿ ಅಂಥದೇ ದುರಂತ ಮರುಕಳಿಸಿತು. ಎರಡು ಸಲವೂ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಸುತ್ತಲಿನ ಮನೆಗಳ ಕಿಟಕಿಗಾಜುಗಳು ಪುಡಿಯಾದವು. ಹೊಗೆ ಊರಿನ ಮೇಲೆ ಕವಿಯಿತು.

ಇಂಥ ಗಳಿಗೆಯಲ್ಲಿ ಅಗ್ನಿಶಾಮಕ ದಳದವರ ಮುಂದೆ, ಜಿಲ್ಲಾಡಳಿತದ ಮುಂದೆ ನಿಲ್ಲುವ ಪ್ರಶ್ನೆ ಒಂದೇ. ಗಾಳಿಗೆ ಸೇರಿದ ವಿಷ ಯಾವ ದಿಕ್ಕಿಗೆ, ಎಷ್ಟು ದೂರ, ಎಷ್ಟು ಬೇಗ ಹರಡೀತು? ಯಾವ ಕೇರಿಯವರನ್ನು ತೆರವುಗೊಳಿಸಬೇಕು, ಯಾರಿಗೆ ಬಾಗಿಲು ಮುಚ್ಚಿಕೊಂಡು ಒಳಗೇ ಇರಲು ಹೇಳಬೇಕು? ಈ ಪ್ರಶ್ನೆಗೆ ಕೆಲವು ನಿಮಿಷಗಳಲ್ಲಿ ಉತ್ತರ ಹೇಳಬಲ್ಲ ಗಣಕ ತಂತ್ರಾಂಶಗಳು ಈಗ ಜಗತ್ತಿನ ಅನೇಕ ಕಡೆ ಬಳಕೆಯಲ್ಲಿವೆ. ಅವುಗಳ ಒಳಗೆ ಕೆಲಸಮಾಡುತ್ತಿರುವ ಗಣಿತದ ಬೇರುಗಳನ್ನು ಹುಡುಕುತ್ತ ಹೋದರೆ ಎದುರಾಗುವ ಪ್ರಮುಖರಲ್ಲೊಬ್ಬರು ಲೂಯಿಸ್ ಫ್ರೈ ರಿಚರ್ಡ್‌ಸನ್. ವಿಷಗಾಳಿ ಹೇಗೆ ಹರಡುತ್ತದೆಂಬುದನ್ನು ತಿಳಿಯಲು ಬೇಕಾದ ಸೂತ್ರವನ್ನು ಕೊಟ್ಟ ಈ ವಿಜ್ಞಾನಿ, ವಿಷಗಾಳಿಯನ್ನು ಹರಡಬಯಸಿದವರ ಕೈಗೆ ತನ್ನ ವಿದ್ಯೆ ಸಿಗಬಾರದೆಂದು ಆ ವಿದ್ಯೆಯನ್ನೇ ತೊರೆದವರು. ಅವರ ಜೀವನದ ಮಹತ್ವ ಈ ಎರಡು ಸಂಗತಿಗಳು ಕೂಡುವಲ್ಲಿದೆ.

ಮನೆತನ ಮತ್ತು ವಿದ್ಯಾಭ್ಯಾಸ

ರಿಚರ್ಡ್‌ಸನ್ನರು 1881ರ ಅಕ್ಟೋಬರ್ 11ರಂದು ಇಂಗ್ಲೆಂಡಿನ ಈಶಾನ್ಯ ಭಾಗದ ನ್ಯೂಕಾಸಲ್ ನಗರದಲ್ಲಿ ಜನಿಸಿದರು. ತಂದೆ ಡೇವಿಡ್ ರಿಚರ್ಡ್‌ಸನ್ ತೊಗಲು ಹದಮಾಡುವ ಉದ್ಯಮವನ್ನು ನಡೆಸುತ್ತಿದ್ದರು. ತಾಯಿ ಕ್ಯಾಥರೀನ್ ಫ್ರೈ. ಏಳು ಮಂದಿ ಮಕ್ಕಳಲ್ಲಿ ಲೂಯಿಸ್ ಕಿರಿಯವರು. ಕುಟುಂಬ ಕ್ವೇಕರ್ ಪಂಥಕ್ಕೆ ಸೇರಿದ್ದು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಕ್ರೈಸ್ತ ಪಂಥದವರು ಆಡಂಬರದ ಆರಾಧನೆಯನ್ನು ಒಪ್ಪದವರು. ಯಾವ ಕಾರಣಕ್ಕೂ ಆಯುಧ ಹಿಡಿಯಬಾರದೆಂಬ ನಂಬಿಕೆಯುಳ್ಳವರು. ಜೈನ ಸಾಹಿತ್ಯದ ಪರಿಚಯವುಳ್ಳ ಕನ್ನಡ ಓದುಗರಿಗೆ ಅಹಿಂಸೆಯನ್ನು ವ್ರತವಾಗಿ ಪಾಲಿಸುವ ಮನೆತನದ ಕಲ್ಪನೆ ಹೊಸದೇನಲ್ಲ. ಆ ವ್ರತವನ್ನು ಭೌತವಿಜ್ಞಾನದ ಪ್ರಯೋಗಶಾಲೆಯೊಳಕ್ಕೂ ಕೊಂಡೊಯ್ದುದು ರಿಚರ್ಡ್‌ಸನ್ನರ ವಿಶೇಷ.

1894ರಲ್ಲಿ ಅವರನ್ನು ಯಾರ್ಕ್ ನಗರದಲ್ಲಿ ಕ್ವೇಕರರು ನಡೆಸುತ್ತಿದ್ದ ಬೂಥಮ್ ಶಾಲೆಗೆ ಸೇರಿಸಲಾಯಿತು. ಹವಾಮಾನದಲ್ಲಿ ಆಸಕ್ತಿಯಿದ್ದ ಅಧ್ಯಾಪಕರ ಸಹವಾಸ ಅಲ್ಲಿ ದೊರೆಯಿತು. ಅದಕ್ಕಿಂತ ಮುಖ್ಯವಾಗಿ, ವಿಜ್ಞಾನವು ನೀತಿಗೆ ಅಧೀನವಾಗಿರಬೇಕೆಂಬ ನಿಲುವು ಆ ಶಾಲೆಯಿಂದ ತಮಗೆ ಬಂದುದೆಂದು ಅವರು ಮುಂದೆ ನೆನೆದುಕೊಂಡಿದ್ದಾರೆ. ಅನಂತರ ನ್ಯೂಕಾಸಲ್ಲಿನ ವಿಜ್ಞಾನ ಕಾಲೇಜಿನಲ್ಲಿಯೂ 1900ರಿಂದ 1903ರವರೆಗೆ ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು.

ಅಷ್ಟಾದರೂ ಅವರಿಗೆ ಒಂದೆಡೆ ನೆಲೆ ಸಿಗಲಿಲ್ಲ. ಮುಂದಿನ ಹತ್ತು ವರ್ಷಗಳಲ್ಲಿ ರಾಷ್ಟ್ರೀಯ ಭೌತ ಪ್ರಯೋಗಾಲಯ, ವೇಲ್ಸಿನ ಕಾಲೇಜು, ಪೀಟ್ ಉದ್ಯಮ, ವಿದ್ಯುದ್ದೀಪಗಳ ಕಂಪನಿ, ಮ್ಯಾಂಚೆಸ್ಟರಿನ ತಾಂತ್ರಿಕ ಕಾಲೇಜು ಎಂದು ಹಲವು ಕಡೆ ಅವರು ದುಡಿದರು. ಇವುಗಳಲ್ಲಿ ಪೀಟ್ ಉದ್ಯಮದ ಕೆಲಸ ನಿರ್ಣಾಯಕವಾದುದು. ಪೀಟ್ ಎಂದರೆ ಜೌಗು ನೆಲದಲ್ಲಿ ಕೊಳೆತ ಸಸ್ಯರಾಶಿಯಿಂದಾದ, ಉರುವಲಾಗಿ ಬಳಸುವ ಮಣ್ಣು. ಅದರೊಳಗಿನ ನೀರು ಬಸಿದುಹೋಗಲು ಕಾಲುವೆಗಳನ್ನು ಎಲ್ಲಿ ತೋಡಬೇಕೆಂಬುದು ಪ್ರಶ್ನೆ. ನೀರಿನ ಹರಿವನ್ನು ಹೇಳುವ ಸಮೀಕರಣ ತಿಳಿದಿತ್ತು. ಆದರೆ ಅಂಕುಡೊಂಕಾದ ನಿಜವಾದ ನೆಲಕ್ಕೆ ಅದನ್ನು ಅನ್ವಯಿಸಿ ಬಿಡಿಸುವುದು ಆಗಿನ ಗಣಿತಕ್ಕೆ ಅಸಾಧ್ಯವಾಗಿತ್ತು. ರಿಚರ್ಡ್‌ಸನ್ನರು ಬೇರೊಂದು ಮಾರ್ಗ ಹಿಡಿದರು. ನೆಲವನ್ನು ಚಿಕ್ಕ ಚೌಕಗಳಾಗಿ ವಿಭಾಗಿಸಿ, ಒಂದು ಚೌಕದ ಬೆಲೆಯನ್ನು ಅದರ ನೆರೆಯ ಚೌಕಗಳ ಬೆಲೆಗಳಿಂದ ಬರಿಯ ಕೂಡು, ಕಳೆ, ಗುಣಾಕಾರಗಳ ಮೂಲಕ ಲೆಕ್ಕಹಾಕುವ ಕ್ರಮವದು. ನಿಖರವಲ್ಲದಿದ್ದರೂ ಉಪಯೋಗಕ್ಕೆ ಸಾಕಾಗುವ ಉತ್ತರ ಅದರಿಂದ ದೊರೆಯುತ್ತಿತ್ತು. ಇದೇ ವಿಧಾನವನ್ನು ಕಲ್ಲಿನ ಅಣೆಕಟ್ಟೆಯೊಳಗಿನ ಒತ್ತಡಗಳ ಲೆಕ್ಕಕ್ಕೆ ಬಳಸಿ ರಾಯಲ್ ಸೊಸೈಟಿಗೆ ಪ್ರಬಂಧವನ್ನೂ ಸಲ್ಲಿಸಿದರು. ಗಾಳಿಯನ್ನು ಚೌಕುಳಿಗಳಾಗಿ ಕತ್ತರಿಸಿ ಲೆಕ್ಕ ಹಾಕುವ ಇಂದಿನ ಹವಾಮಾನ ತಂತ್ರಾಂಶಗಳ ಹಿಂದೆ ಜೌಗುನೆಲದ ಈ ಲೆಕ್ಕಾಚಾರವಿದೆ.

1909ರಲ್ಲಿ ಅವರು ಡೊರೊಥಿ ಗಾರ್ನೆಟ್ ಅವರನ್ನು ಮದುವೆಯಾದರು. ದಂಪತಿಗಳಿಗೆ ಸ್ವಂತ ಮಕ್ಕಳಿರಲಿಲ್ಲ; ಇಬ್ಬರು ಗಂಡುಮಕ್ಕಳನ್ನೂ ಒಬ್ಬ ಹೆಣ್ಣುಮಗಳನ್ನೂ ದತ್ತು ಪಡೆದು ಸಾಕಿದರು. 1912ರಲ್ಲಿ ಟೈಟಾನಿಕ್ ಹಡಗು ಹಿಮಬಂಡೆಗೆ ಬಡಿದು ಮುಳುಗಿದಾಗ, ಪ್ರತಿಧ್ವನಿಯ ನೆರವಿನಿಂದ ಇಂಥ ಬಂಡೆಗಳನ್ನು ಮೊದಲೇ ಪತ್ತೆಹಚ್ಚುವ ಉಪಾಯವನ್ನು ಯೋಚಿಸಿ ಅದಕ್ಕೆ ಪೇಟೆಂಟ್ ಪಡೆದರು. ಅಪಾಯ ಬಂದ ಮೇಲೆ ಮರುಗುವುದಕ್ಕಿಂತ ಬರುವ ಮೊದಲೇ ಅದನ್ನು ಅರಿಯುವ ದಾರಿ ಹುಡುಕುವುದು ಅವರ ಮನೋಧರ್ಮವೇ ಆಗಿತ್ತೆಂಬುದಕ್ಕೆ ಇದು ನಿದರ್ಶನ.

ಯುದ್ಧಭೂಮಿಯ ಲೆಕ್ಕ

1913ರಲ್ಲಿ ಬ್ರಿಟನ್ನಿನ ಹವಾಮಾನ ಇಲಾಖೆ ಅವರನ್ನು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ವೀಕ್ಷಣಾಲಯದ ಅಧೀಕ್ಷಕರನ್ನಾಗಿ ನೇಮಿಸಿತು. ಮಳೆ ಮತ್ತು ಮಂಜಿನ ಆ ಏಕಾಂತದಲ್ಲಿ ಅವರು ಹವಾಮಾನ ಮುನ್ಸೂಚನೆಯನ್ನು ಗಣಿತದ ಅಡಿಪಾಯದ ಮೇಲೆ ನಿಲ್ಲಿಸುವ ಯೋಜನೆಯಲ್ಲಿ ತೊಡಗಿದರು. ಆ ಕಾಲದಲ್ಲಿ ಮುನ್ಸೂಚನೆಯೆಂದರೆ ಹಳೆಯ ನಕ್ಷೆಗಳನ್ನು ಹೊಸ ನಕ್ಷೆಯೊಡನೆ ಹೋಲಿಸಿ ಹಿಂದೆ ಆದಂತೆಯೇ ಮುಂದೆಯೂ ಆದೀತೆಂದು ಊಹಿಸುವುದಾಗಿತ್ತು. ಗಾಳಿಯೂ ಭೌತನಿಯಮಗಳಿಗೆ ಒಳಪಟ್ಟ ವಸ್ತು. ಈ ಹೊತ್ತಿನ ಸ್ಥಿತಿ ತಿಳಿದರೆ ಮುಂದಿನ ಹೊತ್ತಿನ ಸ್ಥಿತಿಯನ್ನು ಗುಣಿಸಿ ಹೇಳಬಹುದು ಎಂಬುದು ರಿಚರ್ಡ್‌ಸನ್ನರ ನಿಲುವು.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗಿತ್ತು. 1915ರ ಏಪ್ರಿಲ್ 22ರಂದು ಬೆಲ್ಜಿಯಮಿನ ಈಪ್ರ್ ಬಳಿ ಜರ್ಮನ್ ಸೈನ್ಯ ಗಾಳಿಯ ದಿಕ್ಕು ಅನುಕೂಲವಾಗುವುದನ್ನೇ ಕಾದು ಕ್ಲೋರಿನ್ ಅನಿಲವನ್ನು ಶತ್ರುಗಳ ಕಂದಕಗಳ ಕಡೆಗೆ ಬಿಟ್ಟಿತು. ಮರುವರ್ಷ ಬ್ರಿಟನ್ ಕೂಡ ಪೋರ್ಟನ್ ಎಂಬಲ್ಲಿ ಅನಿಲಯುದ್ಧದ ಸಂಶೋಧನೆಗೆ ಕೇಂದ್ರವನ್ನು ತೆರೆಯಿತು. ಹವಾಮಾನ ಶಾಸ್ತ್ರವು ರೈತನ ಮತ್ತು ನಾವಿಕನ ಸೇವೆಯಿಂದ ಸೈನ್ಯದ ಸೇವೆಗೆ ಹೊರಳಿದ ಕಾಲವದು. 1916ರಲ್ಲಿ ರಿಚರ್ಡ್‌ಸನ್ನರು ಇಲಾಖೆಯ ಹುದ್ದೆಗೆ ರಾಜೀನಾಮೆ ನೀಡಿ, ಕ್ವೇಕರರ ಗಾಯಾಳು ಸೇವಾದಳವನ್ನು ಸೇರಿ, ಫ್ರೆಂಚ್ ಸೈನ್ಯದ ವಿಭಾಗವೊಂದಕ್ಕೆ ಆಂಬುಲೆನ್ಸ್ ಚಾಲಕರಾಗಿ ಹೋದರು. ಕೊಲ್ಲುವ ಕೆಲಸದಲ್ಲಿ ಪಾಲ್ಗೊಳ್ಳಲು ಅವರ ಮನಸ್ಸು ಒಪ್ಪಲಿಲ್ಲ. ಸಾಯುತ್ತಿರುವವರನ್ನು ಬಿಟ್ಟು ಸುರಕ್ಷಿತವಾಗಿ ಮನೆಯಲ್ಲಿ ಕೂರುವುದಕ್ಕೂ ಒಪ್ಪಲಿಲ್ಲ. 1919ರವರೆಗೆ ಅವರು ಆ ಸೇವೆಯಲ್ಲಿದ್ದರು.

ಗಾಯಾಳುಗಳನ್ನು ಸಾಗಿಸುವ ಕೆಲಸದ ನಡುವಣ ಬಿಡುವಿನಲ್ಲಿ, ಚಳಿಯ ತಂಗುದಾಣದಲ್ಲಿ, ಹುಲ್ಲಿನ ರಾಶಿಯನ್ನೇ ಮೇಜಾಗಿಸಿಕೊಂಡು ಅವರು ಲೆಕ್ಕ ಹಾಕಿದರು. 1910ರ ಮೇ 20ರ ಬೆಳಗ್ಗೆ ಮಧ್ಯ ಯುರೋಪಿನ ಮೇಲಿದ್ದ ವಾಯುಸ್ಥಿತಿಯ ವಿವರಗಳು ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪ್ರಕಟವಾಗಿದ್ದವು. ಅವುಗಳನ್ನು ಆಧಾರವಾಗಿಟ್ಟುಕೊಂಡು ಮುಂದಿನ ಆರು ಗಂಟೆಗಳಲ್ಲಿ ಏನಾಗಬೇಕಿತ್ತೆಂಬುದನ್ನು ಕಂಡುಹಿಡಿಯುವುದು ಅವರ ಪ್ರಯೋಗ. ಆರು ಗಂಟೆಗಳ ಮುನ್ಸೂಚನೆಗೆ ಸುಮಾರು ಆರು ವಾರಗಳ ದುಡಿಮೆ ಹಿಡಿಯಿತು. 1917ರ ಏಪ್ರಿಲ್‌ನಲ್ಲಿ ಶಾಂಪೇನ್ ಕದನದ ಗೊಂದಲದಲ್ಲಿ ಹಸ್ತಪ್ರತಿಯೇ ಕಳೆದುಹೋಗಿ, ಕೆಲವು ತಿಂಗಳುಗಳ ಅನಂತರ ಬೆಲ್ಜಿಯಮಿನಲ್ಲಿ ಕಲ್ಲಿದ್ದಲಿನ ರಾಶಿಯ ಅಡಿಯಲ್ಲಿ ಸಿಕ್ಕಿತು. ಮಣ್ಣಿನಡಿಯಿಂದಲೋ ಅಟ್ಟದಿಂದಲೋ ಓಲೆಗರಿಗಳನ್ನು ಹೊರತೆಗೆದು ಗ್ರಂಥಸಂಪಾದನೆ ನಡೆಸುವವರಿಗೆ ಈ ಘಟನೆಯ ಬೆಲೆ ಸುಲಭವಾಗಿ ಅರ್ಥವಾದೀತು.

ಆದರೆ ಲೆಕ್ಕದ ಫಲಿತಾಂಶ ತಪ್ಪಾಗಿತ್ತು. ಆರು ಗಂಟೆಗಳಲ್ಲಿ ವಾಯುಭಾರ 145 ಮಿಲಿಬಾರ್‌ನಷ್ಟು ಏರುತ್ತದೆಂದು ಲೆಕ್ಕ ಹೇಳಿತು. ಭೀಕರ ಚಂಡಮಾರುತದಲ್ಲಿಯೂ ಅಷ್ಟು ಅವಧಿಯಲ್ಲಿ ಅಂಥ ಏರಿಳಿತ ಕಾಣದು. ಆ ದಿನ ನಿಜವಾಗಿ ವಾಯುಭಾರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ರಿಚರ್ಡ್‌ಸನ್ನರು ಈ ಸೋಲನ್ನು ಬಚ್ಚಿಡಲಿಲ್ಲ. 1922ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಮುದ್ರಣಾಲಯ ಪ್ರಕಟಿಸಿದ 'ವೆದರ್ ಪ್ರಿಡಿಕ್ಷನ್ ಬೈ ನ್ಯೂಮರಿಕಲ್ ಪ್ರಾಸೆಸ್' ಎಂಬ ಗ್ರಂಥದಲ್ಲಿ ತಪ್ಪು ಉತ್ತರವನ್ನು ಅದರ ಎಲ್ಲ ಹಂತಗಳೊಡನೆ ಅಚ್ಚುಮಾಡಿಸಿದರು. ದೋಷ ವಿಧಾನದಲ್ಲಿಲ್ಲ, ಆರಂಭದಲ್ಲಿ ತೆಗೆದುಕೊಂಡ ಗಾಳಿಯ ವಿವರಗಳಲ್ಲಿದೆ ಎಂಬುದು ಅವರ ಅನುಮಾನವಾಗಿತ್ತು. ಹಲವು ದಶಕಗಳ ಮೇಲೆ ಐರ್ಲೆಂಡಿನ ವಿಜ್ಞಾನಿ ಪೀಟರ್ ಲಿಂಚ್ ಆ ಲೆಕ್ಕವನ್ನು ಗಣಕಯಂತ್ರದಲ್ಲಿ ಮತ್ತೆ ಮಾಡಿದರು. ಆರಂಭದ ವಿವರಗಳಲ್ಲಿನ ಅಸಂಗತಿಯನ್ನು ಸರಿಪಡಿಸಿದೊಡನೆ ಅದೇ ವಿಧಾನದಿಂದ ಸಮಂಜಸವಾದ ಉತ್ತರವೇ ಬಂದಿತು. ವಿಧಾನ ಸರಿಯಿದ್ದೂ ಮೊದಲ ಮಾಹಿತಿ ತಪ್ಪಿದರೆ ಕೊನೆಯ ಉತ್ತರವೂ ತಪ್ಪುತ್ತದೆ ಎಂಬ ಪಾಠ ಈ ಪ್ರಸಂಗದಲ್ಲಿದೆ. ಡೊಂಬಿವಲಿಯ ಸಂದರ್ಭಕ್ಕೂ ಈ ಪಾಠ ಸಲ್ಲುತ್ತದೆ.

ಅದೇ ಗ್ರಂಥದಲ್ಲಿ ರಿಚರ್ಡ್‌ಸನ್ನರು ಒಂದು ಕನಸನ್ನೂ ಬಣ್ಣಿಸಿದ್ದಾರೆ. ರಂಗಮಂದಿರದಂಥ ವಿಶಾಲವಾದ ಗೋಳಾಕಾರದ ಭವನ. ಅದರ ಒಳಗೋಡೆಯ ಮೇಲೆ ಭೂಗೋಳದ ನಕ್ಷೆ. ತಮ್ಮ ತಮ್ಮ ಪ್ರದೇಶದ ಮುಂದೆ ಕುಳಿತು ಲೆಕ್ಕ ಹಾಕುವ 64,000 ಮಂದಿ. ನಡುವಣ ಎತ್ತರದ ವೇದಿಕೆಯಿಂದ ಅವರೆಲ್ಲರ ಗತಿಯನ್ನು ಹೊಂದಿಸುವ ಒಬ್ಬ ನಿರ್ದೇಶಕ. ಗಣಕಯಂತ್ರ ಹುಟ್ಟುವ ಮೊದಲೇ, ಏಕಕಾಲದಲ್ಲಿ ದುಡಿಯುವ ಅಸಂಖ್ಯ ಗಣಕಗಳ ಕಲ್ಪನೆ ಇಲ್ಲಿ ರೂಪುಗೊಂಡಿದೆ.

ಸುಳಿಗಳ ನಿಯಮ

ಯುದ್ಧ ಮುಗಿದ ಮೇಲೆ ರಿಚರ್ಡ್‌ಸನ್ನರು ಹವಾಮಾನ ಇಲಾಖೆಗೆ ಹಿಂದಿರುಗಿ ಬೆನ್ಸನ್ ಎಂಬಲ್ಲಿ ಕೆಲಸ ಮಾಡಿದರು. 1920ರಲ್ಲಿ ಇಲಾಖೆ ವಾಯುಪಡೆಯ ಸಚಿವಾಲಯದ ಅಧೀನಕ್ಕೆ ಬಂದಿತು. ಸೈನ್ಯಕ್ಕೆ ಸೇರಿದ ಸಂಸ್ಥೆಯಲ್ಲಿ ಮುಂದುವರಿಯಲು ಮನಸ್ಸೊಪ್ಪದೆ ಅವರು ಎರಡನೆಯ ಸಲ ರಾಜೀನಾಮೆ ನೀಡಿದರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಶಿಕ್ಷಕ ತರಬೇತಿ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾದರು. ಪಾಠ ಹೇಳಿ ಉಳಿದ ಹೊತ್ತಿನಲ್ಲಿ ಸಂಶೋಧನೆ ನಡೆಯುತ್ತಿತ್ತು.

ಗಾಳಿಯಲ್ಲಿ ಸುಳಿಗಳು ಯಾವಾಗ ಬೆಳೆಯುತ್ತವೆ, ಯಾವಾಗ ಅಡಗುತ್ತವೆ ಎಂಬುದು ಅವರು ಎತ್ತಿಕೊಂಡ ಮೊದಲ ಪ್ರಶ್ನೆ. ನೆಲದ ಬಳಿ ತಂಪು ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ ಇದ್ದಾಗ ಭಾರವಾದ ಕೆಳಪದರ ಮೇಲೇಳುವುದಿಲ್ಲ, ಸುಳಿಗಳು ಸಾಯುತ್ತವೆ. ಬಿಸಿಲಿಗೆ ನೆಲ ಕಾದಾಗ ಅಥವಾ ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ವೇಗದಲ್ಲಿ ಹೆಚ್ಚು ವ್ಯತ್ಯಾಸವಿದ್ದಾಗ ಸುಳಿಗಳು ಬಲಗೊಳ್ಳುತ್ತವೆ. ಈ ಎರಡು ಶಕ್ತಿಗಳ ಪ್ರಮಾಣವನ್ನು ಸೂಚಿಸುವ ಒಂದು ಸಂಖ್ಯೆಗೆ ಅವರ ಹೆಸರೇ ನಿಂತಿದೆ. 1984ರ ಡಿಸೆಂಬರ್ 2ರ ನಡುರಾತ್ರಿಯ ಭೋಪಾಲವನ್ನು ನೆನೆದರೆ ಈ ಸಂಖ್ಯೆಯ ಅರ್ಥ ಸ್ಪಷ್ಟವಾಗುತ್ತದೆ. ಚಳಿಗಾಲದ ಇರುಳು, ಮಂದವಾದ ಗಾಳಿ, ನೆಲಕ್ಕಂಟಿದ ತಂಪುಪದರ. ಅದರ ಜೊತೆಗೆ ಸೋರಿದ ಮಿಥೈಲ್ ಐಸೊಸಯನೇಟ್ ಗಾಳಿಗಿಂತ ಸುಮಾರು ಎರಡು ಪಟ್ಟು ತೂಕದ ಅನಿಲ. ವಿಷ ಮೇಲೇರಿ ತೆಳುವಾಗದೆ ಮಲಗಿದ್ದವರ ಮೂಗಿನ ಮಟ್ಟದಲ್ಲೇ ನಗರದೊಳಕ್ಕೆ ಹರಿಯಿತು. ಅದೇ ಪ್ರಮಾಣದ ಸೋರಿಕೆ ಬಿರುಬಿಸಿಲಿನ ಮಧ್ಯಾಹ್ನ ಆಗಿದ್ದರೆ ಅದು ಹರಡುತ್ತಿದ್ದ ರೀತಿ ಬೇರೆಯಾಗುತ್ತಿತ್ತು.

1926ರಲ್ಲಿ ರಾಯಲ್ ಸೊಸೈಟಿ ಪ್ರಕಟಿಸಿದ ಪ್ರಬಂಧದಲ್ಲಿ ರಿಚರ್ಡ್‌ಸನ್ನರು ವಿಸರಣೆಯ ಪ್ರಶ್ನೆಯನ್ನೇ ನೇರವಾಗಿ ಎದುರಿಸಿದರು. ಗಾಳಿಗೆ ಬಿಟ್ಟ ಎರಡು ಕಣಗಳು ಹತ್ತಿರ ಹತ್ತಿರ ಇದ್ದಾಗ ಚಿಕ್ಕ ಸುಳಿಗಳು ಮಾತ್ರ ಅವುಗಳನ್ನು ಅಗಲಿಸಬಲ್ಲವು. ದೊಡ್ಡ ಸುಳಿ ಎರಡನ್ನೂ ಒಟ್ಟಿಗೆ ಹೊತ್ತೊಯ್ಯುತ್ತದೆ. ಕಣಗಳು ದೂರವಾದಂತೆ ಇನ್ನಷ್ಟು ದೊಡ್ಡ ಸುಳಿಗಳು ಅಗಲಿಸುವ ಕೆಲಸಕ್ಕೆ ಕೈಹಾಕುತ್ತವೆ. ಆದ್ದರಿಂದ ಅಂತರ ಹೆಚ್ಚಿದಷ್ಟೂ ಅಗಲುವ ವೇಗವೂ ಹೆಚ್ಚುತ್ತದೆ. ಬಲೂನುಗಳು, ಹಗುರವಾದ ಬೀಜಗಳು, ಜ್ವಾಲಾಮುಖಿಯ ಬೂದಿ ಮೊದಲಾದವುಗಳ ಹರಡುವಿಕೆಯನ್ನು ಪರಿಶೀಲಿಸಿ, ವಿಸರಣೆಯ ಪ್ರಮಾಣವು ಅಂತರದ ನಾಲ್ಕು ಮೂರಾಂಶ ಘಾತಕ್ಕೆ ಅನುಗುಣವಾಗಿರುತ್ತದೆಂದು ಅವರು ತೋರಿಸಿದರು. ಕಣಗಳ ಅಂತರ ಎಂಟು ಪಟ್ಟಾದರೆ ವಿಸರಣೆ ಹದಿನಾರು ಪಟ್ಟಾಗುತ್ತದೆ. ಸಾವಿರ ಪಟ್ಟಾದರೆ ಹತ್ತು ಸಾವಿರ ಪಟ್ಟಾಗುತ್ತದೆ. ಅದೇ ವರ್ಷ ಅವರು ರಾಯಲ್ ಸೊಸೈಟಿಯ ಸದಸ್ಯರಾಗಿ ಚುನಾಯಿತರಾದರು.

ತೊರೆದ ವಿದ್ಯೆ

ಕೀರ್ತಿ ಬಂದ ಈ ಹೊತ್ತಿನಲ್ಲೇ ಅವರ ಜೀವನದ ಕಠಿಣವಾದ ನಿರ್ಧಾರವೂ ಬಂದಿತು. ಮೇಲುಗಾಳಿಯ ಕುರಿತ ತಮ್ಮ ಸಂಶೋಧನೆಗಳಲ್ಲಿ ಎಲ್ಲರಿಗಿಂತ ಹೆಚ್ಚಿನ ಆಸಕ್ತಿ ತೋರುತ್ತಿರುವವರು ವಿಷಾನಿಲದ ತಜ್ಞರೇ ಎಂಬುದು ಅವರಿಗೆ ಮನವರಿಕೆಯಾಯಿತು. ಹೊಗೆ ಹೇಗೆ ಚದುರುತ್ತದೆಂದು ತಿಳಿದವನಿಗೆ ವಿಷದ ಮೋಡ ಎಲ್ಲಿ ದಟ್ಟವಾಗಿ ಉಳಿಯುತ್ತದೆಂದೂ ತಿಳಿಯುತ್ತದೆ. ಡೊರೊಥಿ ಅವರು ಮುಂದೆ ನೆನೆದುಕೊಂಡಂತೆ, ಪತಿಯ ಪಾಲಿಗೆ ಅದು ಎದೆಯೊಡೆಯುವ ಕಾಲವಾಗಿತ್ತು. ರಿಚರ್ಡ್‌ಸನ್ನರು ಹವಾಮಾನ ಸಂಶೋಧನೆಯನ್ನು ನಿಲ್ಲಿಸಿದರು. ಅಚ್ಚಾಗದೆ ಉಳಿದಿದ್ದ ಬರಹಗಳನ್ನು ನಾಶಮಾಡಿದರು.

ಈ ನಿರ್ಧಾರದ ಬೆಲೆಯೇನೆಂಬುದನ್ನು ಅಳೆಯುವುದು ಸುಲಭವಲ್ಲ. ಅವರು ಬಿಟ್ಟ ಕೆಲಸವನ್ನು ಇತರರು ಮುಂದುವರಿಸಿದರು. ಗ್ರಹಾಂ ಸಟನ್ 1930ರ ದಶಕದ ಆರಂಭದಲ್ಲಿ ಪೋರ್ಟನ್ನಿನಲ್ಲಿದ್ದುಕೊಂಡೇ ವಿಸರಣೆಯ ಸಿದ್ಧಾಂತವನ್ನು ಬೆಳೆಸಿದರು. ಅದೇ ಪೋರ್ಟನ್ನಿನಲ್ಲಿ ದುಡಿದ ಫ್ರಾಂಕ್ ಪಾಸ್ಕ್ವಿಲ್ ಗಾಳಿಯ ಸ್ಥಿರತೆಯನ್ನು ಆರು ವರ್ಗಗಳಾಗಿ ವಿಂಗಡಿಸುವ ಕ್ರಮವನ್ನು 1961ರಲ್ಲಿ ಪ್ರಕಟಿಸಿದರು. ಬಿಸಿಲು, ಮೋಡ, ಗಾಳಿಯ ವೇಗ ಇಷ್ಟನ್ನು ನೋಡಿಯೇ ಹೊಗೆ ಎಷ್ಟು ಹರಡೀತೆಂದು ಅಂದಾಜು ಮಾಡಬಲ್ಲ ಆ ವರ್ಗೀಕರಣ ಪರಿಸರ ಇಲಾಖೆಗಳ ಮತ್ತು ಅಗ್ನಿಶಾಮಕ ದಳಗಳ ಉಪಕರಣವಾಯಿತು. ಹೀಗೆ ಅನಿಲಯುದ್ಧಕ್ಕಾಗಿ ಬೆಳೆದ ವಿದ್ಯೆ ಜನರಕ್ಷಣೆಗೆ ತಿರುಗಿತು. ರಿಚರ್ಡ್‌ಸನ್ನರ ತ್ಯಾಗದಿಂದ ವಿದ್ಯೆಯ ಓಟ ನಿಲ್ಲಲಿಲ್ಲವೆಂಬುದು ನಿಜ. ಹಾಗೆಂದು ಅದನ್ನು ನಿಷ್ಫಲವೆನ್ನಲಾಗದು. ಜ್ಞಾನ ಯಾರ ಕೈಗೆ ಸೇರುತ್ತದೆಂಬ ಪ್ರಶ್ನೆ ಜ್ಞಾನಿಯ ಹೊಣೆಗೆ ಹೊರತಾದುದಲ್ಲ ಎಂಬುದನ್ನು ಅವರು ತಮ್ಮ ಬದುಕಿನಿಂದಲೇ ತೋರಿಸಿದರು.

ಮುಂದೆ ಅವರು ಮನಶ್ಶಾಸ್ತ್ರವನ್ನು ಅಭ್ಯಸಿಸಿ 1929ರಲ್ಲಿ ಆ ವಿಷಯದಲ್ಲಿ ಪದವಿ ಪಡೆದರು. ಆಗ ಅವರಿಗೆ ಸುಮಾರು ನಲವತ್ತೆಂಟು ವರ್ಷ. ಅದೇ ವರ್ಷ ಸ್ಕಾಟ್ಲೆಂಡಿನ ಪೇಸ್ಲಿ ತಾಂತ್ರಿಕ ಕಾಲೇಜಿನ ಪ್ರಾಂಶುಪಾಲರಾದರು. 1940ರಲ್ಲಿ ಅವಧಿಗೆ ಮುನ್ನವೇ ನಿವೃತ್ತರಾಗಿ, ಕಡಿಮೆ ವರಮಾನದಲ್ಲಿ ಬದುಕುತ್ತ, ಯುದ್ಧಗಳ ಕಾರಣಗಳನ್ನು ಗಣಿತದಿಂದ ಅರಿಯುವ ಕಾರ್ಯಕ್ಕೆ ತಮ್ಮನ್ನು ಮುಡಿಪಾಗಿಟ್ಟುಕೊಂಡರು. ಒಬ್ಬ ವ್ಯಕ್ತಿಯ ಕೊಲೆಯಿಂದ ಮೊದಲ್ಗೊಂಡು ಮಹಾಯುದ್ಧದವರೆಗೆ ಎಲ್ಲವನ್ನೂ ಮಾರಕ ಕಲಹಗಳೆಂಬ ಒಂದೇ ಪಟ್ಟಿಯಲ್ಲಿ ಸೇರಿಸಿ, ಸತ್ತವರ ಸಂಖ್ಯೆಗೆ ಅನುಗುಣವಾಗಿ ಶ್ರೇಣಿಗಳನ್ನು ಗೊತ್ತುಮಾಡಿದರು. ದೇಶಗಳು ಹಂಚಿಕೊಂಡ ಗಡಿಗೂ ಅವುಗಳ ನಡುವಣ ಯುದ್ಧಕ್ಕೂ ಇರುವ ಸಂಬಂಧವನ್ನು ಹುಡುಕುವಾಗ, ಅಳೆಯುವ ಕೋಲು ಚಿಕ್ಕದಾದಂತೆ ಗಡಿಯ ಉದ್ದ ಬೆಳೆಯುತ್ತದೆಂಬ ವಿಚಿತ್ರವನ್ನು ಕಂಡರು. 1967ರಲ್ಲಿ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಬ್ರಿಟನ್ನಿನ ಕರಾವಳಿಯ ಉದ್ದವನ್ನು ಚರ್ಚಿಸಿದಾಗ ಆಧರಿಸಿದ್ದು ಈ ಅಂಕಿಗಳನ್ನೇ. ಯುದ್ಧಗಳ ಕುರಿತ ಎರಡು ಬೃಹದ್ಗ್ರಂಥಗಳಿಗೆ ಪ್ರಕಾಶಕರು ದೊರೆಯದೆ ಅವರು ಅವನ್ನು ಮೈಕ್ರೊಫಿಲ್ಮ್ ರೂಪದಲ್ಲಿ ಹೊರತಂದರು. ಮುದ್ರಿತ ರೂಪ ಬಂದುದು 1960ರಲ್ಲಿ, ಅವರ ಮರಣಾನಂತರ.

ತೊರೆದ ವಿದ್ಯೆಯ ಕಡೆಗೆ ಅವರು ಒಮ್ಮೆ ಮರಳಿ ನೋಡಿದ್ದುಂಟು. ಯುದ್ಧಾನಂತರ ಅಮೆರಿಕದ ಸಾಗರವಿಜ್ಞಾನಿ ಹೆನ್ರಿ ಸ್ಟೊಮೆಲ್ ಅವರನ್ನು ಕಾಣಲು ಬಂದಾಗ, ಇಬ್ಬರೂ ಸೇರಿ ಲಾಕ್ ಲಾಂಗ್ ಎಂಬ ಕಡಲತೋಳಿನಲ್ಲಿ ಗೆಡ್ಡೆತರಕಾರಿಯ ಚೂರುಗಳನ್ನು ತೇಲಿಬಿಟ್ಟು ಅವು ಹೇಗೆ ಅಗಲುತ್ತವೆಂದು ಅಳೆದರು. ಗಾಳಿಗೆ ಹೇಳಿದ್ದ ನಿಯಮ ನೀರಿಗೂ ಒಪ್ಪುತ್ತಿತ್ತು. 1948ರಲ್ಲಿ ಪ್ರಕಟವಾದ ಆ ಪುಟ್ಟ ಪ್ರಬಂಧ ಇಂದಿಗೂ ವಿಸರಣೆಯ ಅಧ್ಯಯನದಲ್ಲಿ ಹೆಸರಾಗಿದೆ. 1950ರಲ್ಲಿ ಚಾರ್ನಿ, ಫ್ಯೋರ್ಟಾಫ್ಟ್, ಫಾನ್ ನಾಯ್ಮನ್ ಅವರ ತಂಡ ಎನಿಯಾಕ್ ಎಂಬ ಗಣಕಯಂತ್ರದಿಂದ ಮೊದಲ ಹವಾಮಾನ ಮುನ್ಸೂಚನೆಗಳನ್ನು ತಯಾರಿಸಿ ಫಲಿತಾಂಶವನ್ನು ಅವರಿಗೆ ಕಳುಹಿಸಿತು. ಫಿರಂಗಿಗಳ ಗುರಿಯ ಕೋಷ್ಟಕಗಳಿಗಾಗಿ ನಿರ್ಮಿಸಿದ ಯಂತ್ರವದು. ಮೂರು ದಶಕಗಳ ಹಿಂದಿನ ತಮ್ಮ ಕನಸು ನನಸಾಗತೊಡಗಿದ್ದನ್ನು ಕಂಡು ಅವರು ಆ ತಂಡವನ್ನು ಮನಸಾರೆ ಅಭಿನಂದಿಸಿದರು. 1953ರ ಸೆಪ್ಟೆಂಬರ್ 30ರಂದು ಸ್ಕಾಟ್ಲೆಂಡಿನ ಕಿಲ್ಮನ್ ಎಂಬ ಹಳ್ಳಿಯ ಮನೆಯಲ್ಲಿ ನಿದ್ರೆಯಲ್ಲಿರುವಾಗಲೇ ಅವರು ಕೊನೆಯುಸಿರೆಳೆದರು.

ಅನಂತರದ ಫಲ

ರಿಚರ್ಡ್‌ಸನ್ನರ ಕಾಲಾನಂತರ ಅವರ ಎರಡು ವಿದ್ಯೆಗಳು, ಅಂದರೆ ಗಾಳಿಯ ಮುನ್ಸೂಚನೆಯ ಲೆಕ್ಕ ಮತ್ತು ವಿಸರಣೆಯ ನಿಯಮ, ಒಂದೇ ತಂತ್ರಾಂಶದೊಳಗೆ ಕೂಡಿದವು. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಅಪಘಾತವಾದಾಗ, ವಿಕಿರಣ ಎತ್ತ ಸಾಗೀತೆಂದು ಹೇಳಲು ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಪ್ರಯೋಗಾಲಯದ ಗಣಕ ವ್ಯವಸ್ಥೆ ನೆರವಾಯಿತು. ಅಣ್ವಸ್ತ್ರಗಳ ವಿನ್ಯಾಸಕ್ಕೆಂದು ಹುಟ್ಟಿದ ಪ್ರಯೋಗಾಲಯ ಅದು. ರಾಸಾಯನಿಕ ಅಪಘಾತಗಳಿಗಾಗಿ ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ಹಾಗೂ ಪರಿಸರ ಸಂರಕ್ಷಣಾ ಸಂಸ್ಥೆಗಳು ಸೇರಿ ರೂಪಿಸಿದ 'ಅಲೋಹಾ' ಎಂಬ ತಂತ್ರಾಂಶ ಸಾಮಾನ್ಯ ಗಣಕದಲ್ಲೇ ಕೆಲಸಮಾಡುತ್ತದೆ. ಯಾವ ರಾಸಾಯನಿಕ, ಎಷ್ಟು ಪ್ರಮಾಣ, ತೂತು ಎಷ್ಟು ದೊಡ್ಡದು, ಗಾಳಿಯ ದಿಕ್ಕು ಮತ್ತು ವೇಗ, ಆಕಾಶದಲ್ಲಿ ಎಷ್ಟು ಮೋಡ ಎಂದು ತಿಳಿಸಿದರೆ ಅಪಾಯದ ವಲಯಗಳನ್ನು ಅದು ನಕ್ಷೆಯ ಮೇಲೆ ಗುರುತಿಸಿಕೊಡುತ್ತದೆ. ಭಾರತದಲ್ಲಿ ಭೋಪಾಲ ದುರಂತದ ಬಳಿಕ 1986ರ ಪರಿಸರ ಸಂರಕ್ಷಣಾ ಕಾಯಿದೆಯೂ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳೂ 1996ರ ರಾಸಾಯನಿಕ ಅಪಘಾತ ನಿಯಮಗಳೂ ಬಂದವು. ನಿಗದಿತ ಪ್ರಮಾಣಕ್ಕೆ ಮೀರಿ ಅಪಾಯಕಾರಿ ವಸ್ತುಗಳನ್ನು ಇಟ್ಟುಕೊಂಡ ಕಾರ್ಖಾನೆಗಳು ತಮ್ಮ ಆವರಣದೊಳಗಿನ ತುರ್ತುಯೋಜನೆಯನ್ನೂ, ಜಿಲ್ಲೆಯ ಅಧಿಕಾರಿಗಳು ಆವರಣದ ಹೊರಗಿನ ತುರ್ತುಯೋಜನೆಯನ್ನೂ ಸಿದ್ಧಪಡಿಸಬೇಕೆಂಬುದು ಅವುಗಳ ಆಶಯ.

ಆದರೂ ತಂತ್ರಾಂಶ ಸರ್ವಜ್ಞನಲ್ಲ. ಗಾಳಿ ತೀರ ಮಂದವಾಗಿದ್ದಾಗ, ಗುಡ್ಡಗಳು ಗಾಳಿಯ ದಾರಿಯನ್ನು ತಿರುಗಿಸುವಲ್ಲಿ, ಹಲವು ರಾಸಾಯನಿಕಗಳು ಬೆರೆತು ಉರಿದಾಗ ಅಲೋಹಾದಂಥ ಸರಳ ತಂತ್ರಾಂಶದ ಉತ್ತರವನ್ನು ನೆಚ್ಚುವಂತಿಲ್ಲ. ಥಾಣೆ ಮತ್ತು ನವಿಮುಂಬಯಿಗಳ ಪಕ್ಕದಲ್ಲಿ ಪಾರ್ಸಿಕ್ ಬೆಟ್ಟಸಾಲಿದೆ. ಹಗಲು ಕಡಲಿನಿಂದ ಬೀಸುವ ಗಾಳಿ ರಾತ್ರಿ ಅಡಗುತ್ತದೆ ಅಥವಾ ತಿರುಗುತ್ತದೆ. ಚಳಿಗಾಲದ ಮುಂಜಾವಿನಲ್ಲಿ ಹೊಗೆ ನೆಲಕ್ಕಂಟಿ ನಿಲ್ಲುತ್ತದೆ. ಇವೆಲ್ಲವನ್ನು ಗಣನೆಗೆ ತಂದುಕೊಳ್ಳುವ ಹೆಚ್ಚು ಸೂಕ್ಷ್ಮವಾದ ವಿಧಾನಗಳೂ ಇವೆ. ಸಾವಿರಾರು ಕಲ್ಪಿತ ಕಣಗಳನ್ನು ಗಣಕದೊಳಗಿನ ಗಾಳಿಗೆ ಬಿಟ್ಟು ಒಂದೊಂದರ ಹಾದಿಯನ್ನೂ ಹಿಂಬಾಲಿಸುವ ಅವು, ರಿಚರ್ಡ್‌ಸನ್ನರು ಬಲೂನುಗಳನ್ನೂ ಬೀಜಗಳನ್ನೂ ಹಿಂಬಾಲಿಸಿದುದರ ವಿಸ್ತರಣೆಯೇ ಆಗಿವೆ.

ಇಲ್ಲಿ 1910ರ ಮೇ 20ರ ಲೆಕ್ಕದ ಪಾಠ ಮತ್ತೆ ಎದುರಾಗುತ್ತದೆ. ಸೂತ್ರ ಎಷ್ಟೇ ಸೂಕ್ಷ್ಮವಾಗಿರಲಿ, ಆರಂಭದ ಮಾಹಿತಿ ಸರಿಯಿಲ್ಲದೆ ಸರಿಯಾದ ಉತ್ತರ ಬಾರದು. ಯಾವ ಗೋದಾಮಿನಲ್ಲಿ ಯಾವ ವಸ್ತು ಎಷ್ಟಿದೆಯೆಂಬುದು ಅಪಘಾತದ ಮೊದಲೇ ದಾಖಲಾಗಿರಬೇಕು, ದಾಖಲೆ ಸತ್ಯವಾಗಿರಬೇಕು, ಆ ಕ್ಷಣದ ಗಾಳಿಯನ್ನು ಅಳೆಯುವ ಉಪಕರಣ ಅದೇ ಸ್ಥಳದಲ್ಲಿರಬೇಕು. ಪಟ್ಟಿಯಲ್ಲಿಲ್ಲದ ಪೀಪಾಯಿಯ ಬಗ್ಗೆ ಯಾವ ಗಣಕವೂ ಮುನ್ಸೂಚನೆ ಕೊಡಲಾರದು. ತನ್ನ ತಪ್ಪು ಉತ್ತರವನ್ನು ಮುಚ್ಚಿಡದೆ ಅಚ್ಚುಹಾಕಿಸಿದ ವಿಜ್ಞಾನಿಯ ಪ್ರಾಮಾಣಿಕತೆ ಕಾರ್ಖಾನೆಯ ದಾಸ್ತಾನು ಪುಸ್ತಕದಲ್ಲಿಯೂ ಇರಬೇಕಾದ ಗುಣ. ಅದು ಇಲ್ಲವಾದರೆ ತಂತ್ರಾಂಶದ ವೇಗದಿಂದ ತಪ್ಪು ಬೇಗನೆ ದೊರೆಯುವುದಷ್ಟೇ ಲಾಭ.

ಬದುಕಿದ್ದಾಗ ರಿಚರ್ಡ್‌ಸನ್ನರಿಗೆ ದೊಡ್ಡ ವಿಶ್ವವಿದ್ಯಾನಿಲಯದ ಪೀಠ ದೊರೆಯಲಿಲ್ಲ. ಅವರ ಮುಖ್ಯ ಗ್ರಂಥ ಬಹುಕಾಲ ಓದುಗರಿಲ್ಲದೆ ಉಳಿಯಿತು. ಶಾಂತಿಯ ಗಣಿತಕ್ಕೆ ಪ್ರಕಾಶಕರು ಸಿಗಲಿಲ್ಲ. ಈ ಯಾವುದರಿಂದಲೂ ಅವರ ನಿಷ್ಠೆ ಕದಲಲಿಲ್ಲ. ವಿಜ್ಞಾನವು ನೀತಿಗೆ ಅಧೀನವಾಗಿರಬೇಕೆಂದು ಬೂಥಮ್ ಶಾಲೆಯಲ್ಲಿ ಕಲಿತುದನ್ನು ಅವರು ಕೊನೆಯವರೆಗೂ ನಡೆಸಿದರು. ಅವರು ಬೆಂಕಿಗೋ ಕಸಕ್ಕೋ ಹಾಕಿದ ಹಾಳೆಗಳಲ್ಲಿ ಏನಿತ್ತೆಂಬುದನ್ನು ಇನ್ನಾರೂ ಹೇಳಲಾರರು. ಉಳಿದು ಬಂದ ಹಾಳೆಗಳು ಮಾತ್ರ ಇಂದು ಅವರು ಬಯಸಿದ್ದ ಕೆಲಸವನ್ನೇ ಮಾಡಬಲ್ಲವು. ಡೊಂಬಿವಲಿಯಲ್ಲೋ ಥಾಣೆಯಲ್ಲೋ ನಡುರಾತ್ರಿ ಎಚ್ಚರಿಕೆಯ ಗಂಟೆ ಮೊಳಗಿದಾಗ, ಮಲಗಿದ್ದವರನ್ನು ಯಾವ ದಿಕ್ಕಿಗೆ ಕರೆದೊಯ್ಯಬೇಕೆಂದು ತಿಳಿಸಲು ಆ ವಿದ್ಯೆಯಿದೆ. ಅದು ನೆರವಿಗೆ ಬರಬೇಕಾದರೆ ಆ ರಾತ್ರಿಗೆ ಮುಂಚಿನ ಹಗಲುಗಳಲ್ಲಿ ಊರು ತನ್ನ ಲೆಕ್ಕವನ್ನು ಸರಿಯಾಗಿ ಬರೆದಿಟ್ಟಿರಬೇಕು.